ಹೆಪಟೈಟಿಸ್ ಸಿ ಇರುವವರಿಗೆ ಬೊಜ್ಜಿದ್ದರೂ ಕೊಲೆಸ್ಟ್ರಾಲ್ ಕಡಿಮೆ ಇರುವುದೇಕೆ?

ಕಲಬುರಗಿಯಲ್ಲಿರುವ ನಿಮ್ಮ ತಂದೆಯವರಿಗೆ ಹೆಪಟೈಟಿಸ್ ಸಿ ಇದೆ, ಹೊಟ್ಟೆಯ ಬೊಜ್ಜೂ ಇದೆ, ಆದರೂ ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆ ಬಂದಿರುವುದೇಕೆ ಎಂದು ಕೇಳಿದ್ದೀರಿ; ಅದಕ್ಕೆ ಹೆಪಟೈಟಿಸ್ ಸಿ ವೈರಾಣುವೇ ಕಾರಣವಿರಬಹುದು. ಹೊಟ್ಟೆಯ ಬೊಜ್ಜಿಗೂ ರಕ್ತದ ಕೊಬ್ಬಿಗೂ ಇಲ್ಲಿ ತಾಳೆಯಾಗುವುದಿಲ್ಲ. ಯಕೃತ್ತು, ಅಂದರೆ ಲಿವರ್, ಕೊಬ್ಬನ್ನು ಪ್ರೋಟೀನಿನೊಂದಿಗೆ ಸಣ್ಣ ಕಣಗಳಾಗಿ ಕಟ್ಟಿ ರಕ್ತಕ್ಕೆ ಕಳುಹಿಸುತ್ತದೆ. ವೈರಾಣು ಇದೇ ಏರ್ಪಾಡನ್ನು ತಾನು ಹೊರಬೀಳಲು ಬಳಸಿಕೊಂಡು ಕಣಗಳ ರವಾನೆಗೆ ಅಡ್ಡಿ ಮಾಡುವುದರಿಂದ, ಗಂಜ್‌ನಲ್ಲಿ ಲಾರಿ ಹೊರಡದೆ ತೊಗರಿ ಚೀಲಗಳು ಗೋದಾಮಿನಲ್ಲೇ ಉಳಿದಂತೆ, ಕೊಬ್ಬು ಲಿವರಿನಲ್ಲಿ ಶೇಖರವಾಗಿ ರಕ್ತದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇಳಿಯುತ್ತದೆ. ಭಾರತದಲ್ಲಿ ಹೆಚ್ಚಾಗಿ ಕಾಣುವ 3ನೇ ಜೀನೋಟೈಪ್, ಅಂದರೆ ವೈರಾಣುವಿನ ಆ ಬಗೆ, ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಲಿವರ್ ತೀರಾ ಹಾಳಾಗಿದ್ದರೂ ಕೊಲೆಸ್ಟ್ರಾಲ್ ಇಳಿಯುತ್ತದೆ, ಆದ್ದರಿಂದ ಕಡಿಮೆ ಅಂಕಿಯನ್ನು ನೋಡಿ ಸಮಾಧಾನಪಡುವುದು ನನಗೆ ಸರಿಯೆನಿಸದು. ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ವೈರಾಣು ಹೋದ ಬಳಿಕ ಎಲ್‌ಡಿಎಲ್ ಅನೇಕರಲ್ಲಿ ಏರುವುದರಿಂದ, ಆಗ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು.