ಪಿಯುಸಿ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಕನ್ವರ್ಷನ್‌ಗಳು (ಒಂದು ಸಂಯುಕ್ತದಿಂದ ಇನ್ನೊಂದನ್ನು ಮಾಡುವ ಹಂತಗಳು) ತಲೆಯಲ್ಲಿ ನಿಲ್ಲುತ್ತಿಲ್ಲ, ಯಾವ ಚಾರ್ಟ್ ಬಾಯಿಪಾಠ ಮಾಡಲಿ?

ಯಾವುದೂ ಬೇಡ. ನನ್ನ ಹಾಸಿಗೆ ಪಕ್ಕದ ಗೋಡೆಯ ಮೇಲೂ ಅಂಥದೊಂದು ಚಾರ್ಟ್ ಇತ್ತು. ನಾಲ್ಕು ಡ್ರಾಯಿಂಗ್ ಶೀಟ್ ಅಂಟಿಸಿ ಮಾಡಿದ್ದು. ನಡುವೆ ಬೆಂಜೀನ್, ಸುತ್ತ ಬಾಣಗಳು, ಪ್ರತಿ ಬಾಣದ ಮೇಲೆ ರೀಏಜೆಂಟ್, ಅಂದರೆ ಆ ಬದಲಾವಣೆಗೆ ಹಾಕುವ ರಾಸಾಯನಿಕ. ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದೆ. ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ಬೇರೆ ಬಂದುಬಿಟ್ಟಿತು. ಹಾಗಾಗಿ ಬಿಎಸ್ಸಿಯನ್ನೂ ಅದೇ ಚಾರ್ಟಿನ ಮೇಲೆ ಓಡಿಸಿದೆ.

ಆಮೇಲೆ ಒಂದು ಔಷಧ ಕಂಪನಿಯ ಇಂಟರ್‌ವ್ಯೂ. ಅನಿಲಿನ್‌ನಿಂದ ಪ್ಯಾರಾ ನೈಟ್ರೋಅನಿಲಿನ್ ಹೇಗೆ ಮಾಡುತ್ತೀರಿ ಅಂತ ಕೇಳಿದರು. ಅನಿಲಿನ್ ಅಂದರೆ ಅಮೈನೋ ಗುಂಪು (NH2) ಅಂಟಿದ ಬೆಂಜೀನ್ ರಿಂಗು. ಇಷ್ಟೇನಾ ಅನ್ನಿಸಿತು. ಅಮೈನೋ ಗುಂಪು ಹೊಸ ಗುಂಪನ್ನು ಆರ್ಥೋ-ಪ್ಯಾರಾಗೆ (ರಿಂಗಿನಲ್ಲಿ ತನ್ನ ಪಕ್ಕದ ಜಾಗಕ್ಕೆ, ಇಲ್ಲವೇ ನೇರ ಎದುರಿನ ಜಾಗಕ್ಕೆ) ಕಳಿಸುತ್ತದೆ, ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಸಿಡ್ ಹಾಕಿದರೆ ಆಯ್ತು ಅಂದೆ. ಮೇಡಂ ನನ್ನ ಬಯೋಡೇಟಾ ಮಗುಚಿ, ಹಿಂಬದಿಯಲ್ಲಿ ಅನಿಲಿನ್ ಬರೆದು, ನೈಟ್ರೋಜನ್ ಪಕ್ಕ ಎರಡು ಚುಕ್ಕೆ ಇಟ್ಟರು. "ಅಷ್ಟು ಆಸಿಡ್ ಸುರಿದರೆ ಮೊದಲು ಈ ಚುಕ್ಕೆಗಳಿಗೆ ಏನಾಗುತ್ತೆ?" ನನ್ನ ಬಾಯಿ ಕಟ್ಟಿತು.

ಆಗುವುದು ಇಷ್ಟು. ಆ ಎರಡು ಚುಕ್ಕೆ ಅಂದರೆ ಲೋನ್ ಪೇರ್, ಯಾವ ಬಂಧದಲ್ಲೂ ಸೇರದ ಎಲೆಕ್ಟ್ರಾನ್ ಜೋಡಿ. ಅದು ರಿಂಗಿನೊಳಗೆ ಎಲೆಕ್ಟ್ರಾನ್ ತಳ್ಳುವುದರಿಂದಲೇ ನೈಟ್ರೋ ಗುಂಪು ಆರ್ಥೋ-ಪ್ಯಾರಾದಲ್ಲಿ ಕೂರುವುದು. ಆದರೆ ಅನಿಲಿನ್ ಬೇಸ್ ಅಲ್ವಾ? ಆಸಿಡ್ ಸಿಕ್ಕ ಕೂಡಲೇ ಆ ಜೋಡಿ ಪ್ರೋಟಾನ್‌ನ ಪಾಲಾಗುತ್ತದೆ. ಉಳಿಯುವುದು ಪ್ರೋಟಾನ್ ಹೊತ್ತ ಅನಿಲಿನಿಯಂ, ಅದು ಮೆಟಾಗೆ (ಪಕ್ಕದ ಜಾಗ ಬಿಟ್ಟು ಅದರಾಚೆಗೆ) ಕಳಿಸುತ್ತದೆ. ಹಾಗಾಗಿ ನೇರ ನೈಟ್ರೇಷನ್‌ನಲ್ಲಿ (ನೈಟ್ರೋ ಗುಂಪು ಕೂರಿಸುವುದರಲ್ಲಿ) ಪ್ಯಾರಾ 51%, ಮೆಟಾ 47%, ಆರ್ಥೋ ಬರೀ 2%. ಜೊತೆಗೆ ಟಾರಿನಂಥ ಕಪ್ಪು ಗಲೀಜು.

ಸರಿಯಾದ ದಾರಿ: ಮೊದಲು ಅಸೆಟಿಕ್ ಅನ್‌ಹೈಡ್ರೈಡ್ ಹಾಕಿ ಅಸೆಟನಿಲೈಡ್ ಮಾಡಬೇಕು. ಆಗ ಲೋನ್ ಪೇರ್ ಪಕ್ಕದ ಕಾರ್ಬೊನಿಲ್ (C=O) ಜೊತೆ ಹಂಚಿಹೋಗಿ ಆಸಿಡ್‌ಗೆ ಸುಲಭವಾಗಿ ಸಿಗುವುದಿಲ್ಲ, ಆದರೂ ರಿಂಗಿಗೆ ಒಂದಿಷ್ಟು ಕೊಡುತ್ತದೆ. ನೈಟ್ರೇಷನ್ ಮಾಡಿ, ಕೊನೆಗೆ ಹೈಡ್ರಾಲಿಸಿಸ್ (ನೀರಿನಿಂದ ಒಡೆಯುವುದು) ಮಾಡಿದರೆ ಅಸೆಟೈಲ್ ಕಳಚಿಕೊಳ್ಳುತ್ತದೆ.

ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಬಿಎಸ್ಸಿ ಲ್ಯಾಬಿನಲ್ಲಿ ಅದೇ ಅಸೆಟನಿಲೈಡನ್ನು ನನ್ನ ಕೈಯಾರೆ ಮಾಡಿದ್ದೆ. ಬಿಸಿನೀರಲ್ಲಿ ಕರಗಿಸಿ ಆರಿಸಿದಾಗ ಬಿಳಿ ಹೊಳಪಿನ ಚಕ್ಕೆಗಳು ಇಳಿದಿದ್ದವು. ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡು ಮನೆಗೆ ಬಂದೆ. ಇದನ್ನು ಯಾಕೆ ಮಾಡುತ್ತಾರೆ ಅಂತ ಒಂದು ಸಲವೂ ಕೇಳಲಿಲ್ಲ. ಆ ಕೆಲಸ ಸಿಗಲಿಲ್ಲ.

ಆದ್ದರಿಂದ ನಿಮ್ಮ ತೊಂದರೆ ನೆನಪಿನದ್ದು ಅಂತ ನನಗೆ ಅನ್ನಿಸುವುದಿಲ್ಲ. ಆಲ್ಕೊಹಾಲಿಕ್ ಕೆಓಎಚ್, ಜಲೀಯ ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಥರದ ನಾಲ್ಕಾರು ಜೋಡಿ ಬಾಯಿಪಾಠ ಮಾಡಿ, ಬೇಡ ಅನ್ನಲ್ಲ. ಉಳಿದದ್ದಕ್ಕೆಲ್ಲ ಲೋನ್ ಪೇರ್ ಬರೆದು, ಈ ರೀಏಜೆಂಟ್ ಮೊದಲು ಯಾರ ಮೇಲೆ ಬೀಳುತ್ತೆ ಅಂತ ಕೇಳಿಕೊಳ್ಳಿ. ದಿನಕ್ಕೆ ಎರಡೇ ಕನ್ವರ್ಷನ್ ಸಾಕು, ಉತ್ತರದಿಂದ ಹಿಂದಕ್ಕೆ ಬನ್ನಿ.

ಇವತ್ತೇ ನೈಟ್ರೋಬೆಂಜೀನ್‌ನಿಂದ ಪ್ಯಾರಾ ಬ್ರೋಮೋಅನಿಲಿನ್ ಮಾಡಿ ನೋಡಿ. ನಡುವೆ ಬರುವ ಅನಿಲಿನ್‌ಗೆ ನೇರವಾಗಿ ಬ್ರೋಮಿನ್ ವಾಟರ್ ಹಾಕಿದಿರೋ, ಮೂರು ಕಡೆ ಬ್ರೋಮಿನ್ ಕೂತು ಬಿಳಿ ಪುಡಿ ತಳಕ್ಕೆ ಇಳಿಯುತ್ತದೆ.