ನವನಗರಕ್ಕ ಬರದ ನಂಬರ್

ತಮ್ಮಾ, ಅಮೆರಿಕಾಕ್ಕ ಬಂದು ಮೂರು ತಿಂಗಳಾತು, ದಿನಾ ಅವ್ವನ ಜೋಡಿ ವಿಡಿಯೋ ಕಾಲ್ ಮಾಡತೇನಿ, ಫೋನ್ ಇಟ್ಟ ಮ್ಯಾಲ ಮನಿ ಇನ್ನೂ ದೂರ ಹೋದಂಗ ಅನಸತೈತಿ, ಆಗಿನ ಕಾಲದಾಗ ನೀವು ಹೆಂಗ ತಡಕೊಂಡ್ರಿ ಅಂತ ಕೇಳಿದಿ. ಬ್ಯಾಂಕು, ಲೈಸೆನ್ಸು, ಬಾಡಿಗಿ ಮನಿ ಎಲ್ಲಾ ತಾವಾಗೇ ದಾರಿಗೆ ಬರತಾವು, ಅದರ ಚಿಂತಿ ಬಿಡು. ಫೋನಿನ ಮಾತು ಮಾತ್ರ ಹೇಳೂದೈತಿ.

ನಾ ಡೆಟ್ರಾಯಿಟ್‌ಗೆ ಬಂದದ್ದು 1994ರಾಗ. ಆಗ ನಮ್ಮ ಮನಿ ಹಳೇ ಬಾಗಲಕೋಟ್ಯಾಗ ಇತ್ತು. ಪಡಸಾಲಿ ಗೂಡಿನ್ಯಾಗ ಕರೀ ಡಯಲ್ ಫೋನ್, ಬೆಂಗಳೂರಿನ ಐಟಿಐ ಕಾರ್ಖಾನಿದು, ಮ್ಯಾಲ ಅವ್ವ ಹೆಣೆದ ಕ್ರೋಶಾ ಅರಿವಿ. ನಮ್ಮ ನಂಬರಿನ್ಯಾಗ ಎರಡು ಸೊನ್ನಿ ಇದ್ದವು. ಡಯಲ್ ಫೋನಿಗೆ ಒಂದಕ್ಕ ಒಂದು ಬಡಿತ, ಸೊನ್ನಿಗೆ ಹತ್ತು. ಕಡೀ ತೂತಿನ್ಯಾಗ ಬೆರಳಿಟ್ಟು ಪೂರಾ ತಿರುವಿ ಬಿಟ್ರ, ಕರಕರ ಅಂತ ಸಾವಕಾಶ ಹಿಂದ ಬರೂತನಕ ಕಾಯಬೇಕು. ಕಾಕಾ ಡಯಲ್‌ಗೆ ಸಣ್ಣ ಕೀಲಿ ಹಾಕಿ ಹೋದಾಗ ನಾವು ಹುಡುಗರು ರಿಸೀವರ್ ಇಡೂ ಜಾಗಾದ ಗುಂಡಿ ಟಕಟಕ ಒತ್ತಿ ನಂಬರ್ ಹಚ್ಚತಿದ್ವಿ. ಎಷ್ಟು ಸಲ ಒತ್ತಿದ್ರ ಅಷ್ಟ ಅಂಕಿ. ಸೊನ್ನಿ ಬಂದಲ್ಲೆ ಎಣಿಕಿ ತಪ್ಪಿತೋ, ರಾಂಗ್ ನಂಬರ್. ಓಣ್ಯಾಗ ನಾಕಾರು ಮನಿಯವರು ಲಗ್ನಪತ್ರಿಕಿ ಮ್ಯಾಲ ನಮ್ಮ ನಂಬರ್ ಹಾಕಿ ಮುಂದ ಪಿ.ಪಿ. ಅಂತ ಬರಸತಿದ್ರು, ಅಂದ್ರ ಫೋನ್ ಬಾಜೂ ಮನಿದು, ಕರದು ಕೊಡತಾರ ಅಂತ. ಗಂಟಿ ಹೊಡದ್ರ ನಾನ ಓಡಬೇಕು, "ಅಕ್ಕಾ, ಸೊಲ್ಲಾಪುರದಿಂದ ಫೋನ್ ಬಂದೈತ್ರಿ" ಅಂತ.

ಇಲ್ಲಿಂದ ಹಚ್ಚಬೇಕಂದ್ರ ಹೊರದೇಶಕ್ಕ 011, ಆಮ್ಯಾಲ ಭಾರತದ 91, ಆಮ್ಯಾಲ ಬಾಗಲಕೋಟಿ ಎಸ್‌ಟಿಡಿ ಕೋಡ್ 08354ರ ಮೊದಲಿನ ಸೊನ್ನಿ ಬಿಟ್ಟು 8354, ಕಡೀಕ ಮನಿ ನಂಬರ್. ನಿಮಿಷಕ್ಕ 2 ಡಾಲರ್ ಹತ್ರ ಬೀಳತಿತ್ತು. ವಾರಕ್ಕ ಹತ್ತು ನಿಮಿಷ, ಗಡಿಯಾರ ಮುಂದಿಟಗೊಂಡು. ನನ್ನ ಮಾತು ನನಗ ತಿರುಗಿ ಕೇಳಸತಿತ್ತು. ಇಬ್ಬರೂ ಒಮ್ಮೆಲೆ ಮಾತಾಡಿ, ಇಬ್ಬರೂ ಒಮ್ಮೆಲೆ ಸುಮ್ಮನಾಗತಿದ್ವಿ. ಆದ್ರ ಫೋನ್ ಪಡಸಾಲ್ಯಾಗ ಕಟ್ಟಿಹಾಕಿದಂಗ ಇತ್ತಲ್ಲ, ಅದಕ್ಕ ಅವ್ವನ ಮಾತಿನ ಹಿಂದ ಇಡೀ ಮನಿ ಕೇಳಸತಿತ್ತು. ಅಂಗಳದಾಗ ಕೊಡ ಇಟ್ಟದ್ದು, ಯಾರೋ ಬಾಗಲಾ ದೂಡಿದ್ದು, ಅಪ್ಪ ಕೆಮ್ಮಿದ್ದು.

ಒಂದು ಹೋಳಿಯಾಗ, ನನಗ ಮುಂಜಾನೆ, ಅವರಿಗೆ ರಾತ್ರಿ, ಅಪ್ಪ "ತಡಿ" ಅಂದ. ಫೋನ್ ಎತಗೊಂಡು ಕಿಡಕಿ ತನಕ ಹೋಗಿ, ರಿಸೀವರ್‌ನ ಸುರುಳಿ ವಾಯರ್ ಪೂರಾ ಜಗ್ಗಿ ಹೊರಗ ಹಿಡದ. ಓಣ್ಯಾಗ ಹಲಗಿ ಬಡಿತ! ಬಾಗಲಕೋಟಿ ಹೋಳಿ ಹಲಗಿ ಹೆಂಗಿರತೈತಿ ಅಂತ ವಿಜಾಪುರದಾಂವಗ ನಾ ಏನ ಹೇಳಲಿ. ಇಲ್ಲಿ ನನ್ನ ಕಿಡಕಿ ಹೊರಗ ಹಿಮ ಬೀಳಾಕ ಹತ್ತಿತ್ತು. ಆರು ನಿಮಿಷ ನಾವು ಯಾರೂ ಮಾತಾಡಲಿಲ್ಲ. ಅಷ್ಟು ಚಲೋ ಖರ್ಚು ಈ ದೇಶದಾಗ ನಾ ಮತ್ತೊಂದು ಮಾಡಿಲ್ಲ.

ಆಮ್ಯಾಲ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಬಂತು. ಮನಿ ಮುಳುಗಡ್ಯಾಗ ಹೋತು. ಮುಳುಗಡಿ ಮಂದಿಗಂತ ಕಟ್ಟಿದ ನವನಗರದ ಸೆಕ್ಟರಿಗೆ ಹೋದ್ರು, ಬಟನ್ ಫೋನ್ ಬಂತು, ಹೊಸಾ ನಂಬರ್ ಬಂತು. ಅಕ್ಕನ ಮೊಬೈಲ್ ನಂಬರ್ ಇವತ್ತಿಗೂ ನನಗ ಬಾಯಿಪಾಠ ಇಲ್ಲ. ಹಳೇದು ಐತಿ. ಆ ಎರಡು ಸೊನ್ನಿ ಎಲ್ಲೆಲ್ಲಿ ಬರತಾವು ಅಂತ ಬೆರಳಿಗೇ ಗೊತ್ತು. ಅಪ್ಪ ತೀರಿಕೊಂಡ ಸುದ್ದಿ ಬಂದ ರಾತ್ರಿ ಅಕ್ಕಗ ಹಚ್ಚಾಕ ಹೋಗಿ ನನ್ನ ಕೈ ಆ ಮುಳುಗಿದ ಮನಿಗೇ ಹಚ್ಚಿತ್ತು.

ಈಗ ನಿನ್ನ ಮಾತಿಗೆ ಬರತೇನಿ. ವಿಡಿಯೋದಾಗ ನಿಮ್ಮವ್ವ ಮಾಡೂ ಕೆಲಸ ಬಿಟ್ಟು, ಸೆರಗು ಸರಿ ಮಾಡಿಕೊಂಡು ನಿನ್ನ ಮುಂದ ಕುಂದರತಾಳ. ಊಟ ಆತೇನು ಅಂತಾಳ, ಆತು ಅಂತಿ, ಮುಗೀತು. ಹಂಗ ಬ್ಯಾಡ. ವಾರಕ್ಕ ಒಂದೆರಡು ಸಲರೆ ವಿಡಿಯೋ ಬಂದ್ ಮಾಡು. ನಿನಗ ರಾತ್ರಿ ಒಂಬತ್ತೂವರಿ ಅಂದ್ರ ಅವರಿಗೆ ಮುಂಜಾನೆ, ಒಲಿ ಹೊತ್ತಿರತೈತಿ. ಫೋನ್ ಅಡಗಿಮನಿ ಕಟ್ಟಿಮ್ಯಾಲ ಇಟ್ಟು ರೊಟ್ಟಿ ಬಡೀ ಅಂತ ಹೇಳು. ನೀನೂ ಇಲ್ಲೆ ಅನ್ನಕ್ಕ ಇಡು. ನಡುವ ಬಾಜೂ ಮನಿಯಾಕಿ ಬಂದು ನಿಮ್ಮವ್ವನ ಜೋಡಿ ಮಾತಿಗೆ ಕುಂತ್ರ ಫೋನ್ ಇಡಬ್ಯಾಡ, ಕೇಳಕೋತ ಕುಂದ್ರು.