ಸಂಪಾದಕರ ಉತ್ತರ: ಕರಡು ನಿಯಮದ ಹೊರೆಯನ್ನು ಲೆಕ್ಕ ಹಾಕುವುದು ಹೇಗೆ?

ಚಾಮರಾಜಪೇಟೆಯಲ್ಲಿ ದರ್ಶಿನಿ ನಡೆಸುವ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಸರ್ಕಾರ ಹೊಸ ಕರಡು ನಿಯಮ ಹೊರಡಿಸಿದಾಗಲೆಲ್ಲ ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ನಮೂನೆ ಪತ್ರ ಬರುತ್ತದೆ. 'ಇದರಿಂದ ಸಣ್ಣ ವ್ಯಾಪಾರಸ್ಥರು ಬೀದಿಗೆ ಬೀಳುತ್ತಾರೆ, ಕೈಬಿಡಿ' ಎಂದಷ್ಟೇ ಅದರಲ್ಲಿರುತ್ತದೆ. ನೂರಾರು ಜನ ಸಹಿ ಹಾಕಿ ಕಳಿಸುತ್ತೇವೆ, ನಿಯಮ ಬಂದೇ ಬರುತ್ತದೆ. ನನಗೆ ನಿಜವಾಗಿ ಎಷ್ಟು ಹೊರೆ ಬೀಳುತ್ತದೆ ಅಂತ ಲೆಕ್ಕ ಹಾಕುವುದು ಹೇಗೆ? ಹಾಕಿ ಕಳಿಸಿದರೂ ಅದನ್ನು ಓದುವವರು ಯಾರು?"

ಮಾನ್ಯರೇ,

ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡೋಣ. ಓದುವವರೇ ಇಲ್ಲ ಅಂದಮೇಲೆ ಲೆಕ್ಕಕ್ಕೆ ಕೂರಲು ಯಾರಿಗೆ ಮನಸ್ಸು ಬರುತ್ತದೆ?

ನಿಯಮ ಮಾಡುವ ಅಧಿಕಾರ ಕೊಟ್ಟ ಮೂಲ ಅಧಿನಿಯಮದಲ್ಲಿ "ಪೂರ್ವ ಪ್ರಕಟಣೆಯ ತರುವಾಯ" ಎಂಬ ಮಾತಿದೆಯೇ ಎಂದು ಮೊದಲು ನೋಡಿ. ಕೇಂದ್ರದ ಕಾಯ್ದೆಯಾದರೆ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೇ ಪ್ರಕರಣ ಅನ್ವಯಿಸುತ್ತದೆ. ಕರಡನ್ನು ಪ್ರಕಟಿಸಬೇಕು, ಯಾವ ದಿನಾಂಕದ ನಂತರ ಪರಿಗಣಿಸುತ್ತೇವೆ ಎಂದು ತಿಳಿಸಬೇಕು, ಅದಕ್ಕೂ ಮೊದಲು ಬಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಪರಿಗಣಿಸಬೇಕು. ರಾಜ್ಯದ ಕಾಯ್ದೆಗಳಿಗೂ ಇಂಥದೇ ವ್ಯವಸ್ಥೆಯಿದೆ. ಪ್ರತಿಯೊಬ್ಬರಿಗೂ ಉತ್ತರ ಬರೆಯಬೇಕೆಂದಾಗಲಿ, ಒಪ್ಪಲೇಬೇಕೆಂದಾಗಲಿ ಅಲ್ಲಿಲ್ಲ. ಆ ಮಾತೇ ಇಲ್ಲದ ಸುತ್ತೋಲೆ, ಆದೇಶಗಳಿಗೆ ಈ ರಕ್ಷಣೆಯೂ ಇಲ್ಲ.

ಹಾಗಾದರೆ "ಪರಿಗಣಿಸಬೇಕು" ಅನ್ನುವುದಕ್ಕೆ ತೂಕ ಬರುವುದು ಎಲ್ಲಿಂದ? ಕಡತದಿಂದ. ನಿಮ್ಮ ಪತ್ರದಲ್ಲಿ ನಿಯಮದ ಸಂಖ್ಯೆ, ಅದರಿಂದಾಗುವ ಖರ್ಚಿನ ಅಂಕಿ, ನಿಯಮದಲ್ಲಿ ಏನಿರಬೇಕೆಂದು ನೀವೇ ಸೂಚಿಸುವ ಬದಲಿ ವಾಕ್ಯ ಈ ಮೂರೂ ಇದ್ದರೆ ಟಿಪ್ಪಣಿ ಬರೆಯುವ ಅಧಿಕಾರಿ ಅದಕ್ಕೆ ಏನಾದರೂ ಒಂದು ಕಾರಣ ಕೊಡಲೇಬೇಕಾಗುತ್ತದೆ. "ಕೈಬಿಡಿ" ಎಂಬ ಪತ್ರಕ್ಕೆ ಕಾರಣ ಬೇಕಿಲ್ಲ. ಒಂದೇ ಒಕ್ಕಣೆಯ ಮುನ್ನೂರು ಪತ್ರಗಳು ಕಡತದಲ್ಲಿ ಒಂದು ಸಾಲಾಗುತ್ತವೆ, ಅಷ್ಟೆ.

ಮುಂದೆ ವಿಷಯ ಕೋರ್ಟಿಗೆ ಹೋದರೂ ಈ ಕಡತವೇ ಮಾತಾಡುವುದು. ಕಾಲ್ ಡ್ರಾಪ್ ಪ್ರಕರಣ ನೆನಪಿರಬಹುದು. ಕರೆ ಕಡಿದುಹೋದರೆ ಗ್ರಾಹಕನಿಗೆ ಒಂದು ರೂಪಾಯಿ, ದಿನಕ್ಕೆ ಹೆಚ್ಚೆಂದರೆ ಮೂರು ಕರೆಗಳಿಗೆ, 2016ರ ಜನವರಿ 1ರಿಂದ ಕೊಡಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ನಿಯಮ ಮಾಡಿತ್ತು. ಗುಣಮಟ್ಟದ ಬೇರೊಂದು ನಿಯಮದಲ್ಲಿ ಶೇ 2ರವರೆಗೆ ಕರೆ ಕಡಿತವನ್ನು ಅದೇ ಟ್ರಾಯ್ ಒಪ್ಪಿಕೊಂಡಿತ್ತು. ಕರೆ ಕಡಿಯುವುದಕ್ಕೆ ಎಷ್ಟೋ ಸಲ ಗ್ರಾಹಕನ ಕಡೆಯ ಕಾರಣವೂ ಇರುತ್ತದೆ ಎಂಬುದೂ ಅದಕ್ಕೆ ಗೊತ್ತಿತ್ತು. ಹಾಗಿದ್ದೂ ಪೂರ್ತಿ ತಪ್ಪನ್ನು ಕಂಪನಿಗಳ ತಲೆಗೆ ಕಟ್ಟಿದ್ದು ತರ್ಕಕ್ಕೆ ನಿಲ್ಲದೆ, 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ನಿಯಮ ಮಾಡುವ ಮುನ್ನ ಜನರ ಅಭಿಪ್ರಾಯ ಕೇಳಿ ಕಾರಣ ಸಹಿತ ಉತ್ತರಿಸುವಂಥ ಕಾನೂನನ್ನು ಸಂಸತ್ತು ತರಲಿ ಎಂದೂ ಹೇಳಿತು.

ಪ್ರಭಾವದ ಅಂದಾಜು ಮಾಡುವುದು ಮೂಲತಃ ಸರ್ಕಾರದ ಕೆಲಸ. ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿಯ ಪ್ರಕಾರ ಕರಡು ಕನಿಷ್ಠ 30 ದಿನ ಜನರ ಮುಂದಿರಬೇಕು. ಅದರ ಜೊತೆಗೆ ಹಣಕಾಸಿನ ಹೊರೆ, ಪರಿಸರ, ಮೂಲಭೂತ ಹಕ್ಕು ಮತ್ತು ಜೀವನೋಪಾಯದ ಮೇಲಿನ ಪರಿಣಾಮದ ಅಂದಾಜೂ ಇರಬೇಕು. ಆದರೆ ಅದು ನೀತಿ, ಕಾಯ್ದೆಯಲ್ಲ. ಹಾಗಾಗಿ ಅಂದಾಜು ಪತ್ರ ನಿಮ್ಮ ಕೈಗೆ ಬರುತ್ತದೆ ಎಂದು ಕಾಯುತ್ತ ಕೂರಬೇಡಿ.

ಈಗ ಲೆಕ್ಕಕ್ಕೆ ಬರೋಣ. ಒಂದು ಕಲ್ಪಿತ ಕರಡು ಇಟ್ಟುಕೊಳ್ಳೋಣ: ಪ್ರತಿ ಹೋಟೆಲೂ ಪಾತ್ರೆ ತೊಳೆಯುವ ಸಿಂಕಿನ ನೀರಿಗೆ ಗ್ರೀಸ್ ಟ್ರ್ಯಾಪ್ (ಎಣ್ಣೆ ಜಿಡ್ಡು ಚರಂಡಿಗೆ ಹೋಗದಂತೆ ಹಿಡಿಯುವ ಪೆಟ್ಟಿಗೆ) ಹಾಕಿಸಬೇಕು, ವಾರಕ್ಕೊಮ್ಮೆ ಶುಚಿ ಮಾಡಬೇಕು, ದಿನವೂ ರಿಜಿಸ್ಟರ್ ಬರೆಯಬೇಕು, ಮೂರು ತಿಂಗಳಿಗೊಮ್ಮೆ ಮಾನ್ಯತೆ ಪಡೆದ ಸಂಸ್ಥೆಯಿಂದ ಪ್ರಮಾಣಪತ್ರ ತರಬೇಕು. ಕೆಳಗಿನ ಬೆಲೆಗಳೆಲ್ಲ ಉದಾಹರಣೆಗೆ ಹಿಡಿದವು. ನಿಮ್ಮ ಪ್ಲಂಬರ್ ಕೊಟ್ಟ ಕೊಟೇಶನ್ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಟ್ರ್ಯಾಪ್ ಮತ್ತು ಪೈಪ್ ಕೆಲಸಕ್ಕೆ 40,000 ರೂಪಾಯಿ, ಬಾಳಿಕೆ ಐದು ವರ್ಷ ಅಂದುಕೊಳ್ಳಿ. ಹೆಚ್ಚಿನವರು ಇಲ್ಲಿ ಐದರಿಂದ ಭಾಗಿಸಿ ವರ್ಷಕ್ಕೆ 8,000 ಎಂದು ಬರೆದುಬಿಡುತ್ತಾರೆ. ಬಡ್ಡಿ ಎಲ್ಲಿ ಹೋಯಿತು? ಶೇ 12ರ ಬಡ್ಡಿಯಲ್ಲಿ ಐದು ಸಮಾನ ವಾರ್ಷಿಕ ಕಂತು ಕಟ್ಟಿದರೆ ಕಂತು ಸುಮಾರು 11,100 ರೂಪಾಯಿ. ಟ್ರ್ಯಾಪ್ ಮೂರೇ ವರ್ಷಕ್ಕೆ ತುಕ್ಕು ಹಿಡಿದರೆ ಅದು 16,650ಕ್ಕೆ ಏರುತ್ತದೆ. ಬಾಳಿಕೆ ಖಚಿತವಿಲ್ಲದಿದ್ದರೆ ಎರಡೂ ಅಂಕಿ ಬರೆಯಿರಿ, ಅನುಕೂಲವಾದ ಒಂದನ್ನೇ ಬರೆಯಬೇಡಿ.

ರಿಜಿಸ್ಟರಿಗೆ ದಿನಕ್ಕೆ ಹತ್ತು ನಿಮಿಷವೆಂದರೆ 360 ದಿನಕ್ಕೆ 60 ಗಂಟೆ. ಕ್ಯಾಷಿಯರ್ ಸಂಬಳ ತಿಂಗಳಿಗೆ 20,000 ಇದ್ದರೆ ಗಂಟೆಗೆ ನೂರು ರೂಪಾಯಿ ಹತ್ತಿರ ಬೀಳುತ್ತದೆ, ಅಂದರೆ 6,000. ವಾರಕ್ಕೆ ಮುಕ್ಕಾಲು ಗಂಟೆ ಶುಚಿ, ಗಂಟೆಗೆ 80 ರೂಪಾಯಿಯಂತೆ ವರ್ಷಕ್ಕೆ 3,120. ಪ್ರಮಾಣಪತ್ರ 1,500ರಂತೆ ನಾಲ್ಕು ಸಲ, 6,000. ಒಟ್ಟು 26,220.

ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ತಪ್ಪು. ನಿಯಮ ಬರದಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆಯಬೇಕು. ಒಳಚರಂಡಿ ಕಟ್ಟಿಕೊಂಡಾಗ ಜೆಟ್ಟಿಂಗ್ ಗಾಡಿ ಕರೆಸಲು ವರ್ಷಕ್ಕೆ 4,000 ಹೋಗುತ್ತಿತ್ತು, ಟ್ರ್ಯಾಪ್ ಹಾಕಿದ ಮೇಲೆ ಅದು ಉಳಿಯುತ್ತದೆ ಎಂದಾದರೆ ನಿಜವಾದ ಹೆಚ್ಚುವರಿ ಹೊರೆ 22,220. ಸಂಘಗಳ ಪತ್ರಗಳು ಎಡವುವುದು ಹೆಚ್ಚಾಗಿ ಇಲ್ಲೇ: ಈಗಾಗಲೇ ಮಾಡುತ್ತಿರುವ ಖರ್ಚನ್ನೂ ಹೊಸ ನಿಯಮದ ಲೆಕ್ಕಕ್ಕೆ ಜಮಾ ಮಾಡುತ್ತವೆ. ಅಧಿಕಾರಿ ಅದೊಂದನ್ನು ಹಿಡಿದರೆ ಸಾಕು, ಉಳಿದ ಅಂಕಿಗಳ ಮೇಲೂ ನಂಬಿಕೆ ಹೋಗುತ್ತದೆ.

ಈ ಮೊತ್ತವನ್ನು ತಟ್ಟೆಗೆ ಇಳಿಸಿ ನೋಡಿ. ದಿನಕ್ಕೆ 600 ತಟ್ಟೆ ಮಾರುವವರಿಗೆ ತಟ್ಟೆಗೆ ಸುಮಾರು 10 ಪೈಸೆ. 80 ತಟ್ಟೆ ಮಾರುವ ಮೂಲೆಯಂಗಡಿಗೆ ಇದೇ ಖರ್ಚು ಬಿದ್ದರೆ 77 ಪೈಸೆ. ಸಣ್ಣವರಿಗೆ ಟ್ರ್ಯಾಪ್ ಚಿಕ್ಕದು ಸಾಕಾಗಬಹುದು, ರಿಜಿಸ್ಟರ್ ಮಾತ್ರ ಚಿಕ್ಕದಾಗುವುದಿಲ್ಲ. "ಸಣ್ಣ ಉದ್ಯಮ ನಾಶ" ಎಂದು ಬರೆಯುವ ಬದಲು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ಇಂತಿಷ್ಟು ಆಸನ ಅಥವಾ ಇಂತಿಷ್ಟು ನೀರಿನ ಬಳಕೆಗಿಂತ ಕಡಿಮೆ ಇರುವವರಿಗೆ ಬೇರೆ ನಿಯಮ ಕೇಳಿ.

ಇನ್ನೊಂದು ಗಮನಿಸಿದಿರಾ? ಟ್ರ್ಯಾಪಿಗೆ ವರ್ಷಕ್ಕೆ 11,100, ಕಾಗದಕ್ಕೆ, ಅಂದರೆ ರಿಜಿಸ್ಟರ್ ಮತ್ತು ಪ್ರಮಾಣಪತ್ರಕ್ಕೆ, 12,000. ಚರಂಡಿಗೆ ಉಪಕಾರವಾಗುವುದು ಟ್ರ್ಯಾಪಿನಿಂದ. ಟ್ರ್ಯಾಪ್ ಕೆಲಸ ಮಾಡುವ ರೀತಿ ತಿಳಿದಿದ್ದರೆ ಕಾಗದ ಎಲ್ಲಿ ಕತ್ತರಿಸಬಹುದೆಂದೂ ತಿಳಿಯುತ್ತದೆ. ಸಿಂಕಿನ ನೀರು ಪೆಟ್ಟಿಗೆಯೊಳಗೆ ನಿಧಾನವಾಗಿ ತಣಿಯುತ್ತದೆ, ಎಣ್ಣೆ ಮೇಲೆ ತೇಲುತ್ತದೆ, ಅನ್ನದಗುಳು ತಳ ಸೇರುತ್ತದೆ, ನಡುವಿನ ನೀರು ಹೊರಗೆ ಹೋಗುತ್ತದೆ. ಕುದಿಯುವ ನೀರು ಸುರಿದರೆ ಜಿಡ್ಡು ಕರಗಿ ಪೈಪಿಗೇ ಸಾಗುತ್ತದೆ. ಮೇಲಿನ ಜಿಡ್ಡು, ತಳದ ಕೆಸರು ಎರಡೂ ಸೇರಿ ಕಾಲು ಭಾಗ ತುಂಬಿದರೆ ಹಿಡಿಯುವ ಶಕ್ತಿ ಇಳಿಯುತ್ತದೆ, ಆಗ ಶುಚಿ ಮಾಡಬೇಕು ಎನ್ನುವುದು ಈ ಕೆಲಸದವರ ಲೆಕ್ಕ. ಬಜ್ಜಿ, ಪೂರಿ ಕರಿಯುವ ಹೋಟೆಲಿನಲ್ಲಿ ಅದು ಮೂರೇ ದಿನಕ್ಕೆ ತುಂಬಬಹುದು, ಇಡ್ಲಿಯಷ್ಟೇ ಮಾಡುವಲ್ಲಿ ಹದಿನೈದು ದಿನವಾಗಬಹುದು. "ವಾರಕ್ಕೊಮ್ಮೆ" ಎಂಬ ನಿಯಮ ಮೊದಲನೆಯವರನ್ನು ಬಿಟ್ಟುಬಿಡುತ್ತದೆ, ಎರಡನೆಯವರನ್ನು ಸುಮ್ಮನೆ ದುಡಿಸುತ್ತದೆ.

ಹಾಗಾಗಿ ಬದಲಿ ವಾಕ್ಯ ಹೀಗಿರಬಹುದು: "ಜಿಡ್ಡು ಮತ್ತು ಕೆಸರು ಸೇರಿ ಕಾಲು ಭಾಗ ತುಂಬುವ ಮೊದಲು ಶುಚಿಗೊಳಿಸತಕ್ಕದ್ದು, ಶುಚಿಗೊಳಿಸಿದ ದಿನದಂದು ರಿಜಿಸ್ಟರಿನಲ್ಲಿ ದಾಖಲಿಸತಕ್ಕದ್ದು, ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಪಡೆಯತಕ್ಕದ್ದು." ವಾರಕ್ಕೊಂದು ಶುಚಿ ಎಂದೇ ಹಿಡಿದರೂ ರಿಜಿಸ್ಟರ್ ಕೆಲಸ 60 ಗಂಟೆಯಿಂದ ಒಂಬತ್ತು ಗಂಟೆಯೊಳಗೆ ಬರುತ್ತದೆ, ಹೊರೆ 22,220ರಿಂದ ಸುಮಾರು 12,600ಕ್ಕೆ ಇಳಿಯುತ್ತದೆ. ಚರಂಡಿಗೆ ಸಿಗುವ ಲಾಭ ಅಷ್ಟೇ ಇರುತ್ತದೆ, ಸ್ವಲ್ಪ ಹೆಚ್ಚಲೂಬಹುದು. ಇಂಥ ಆಕ್ಷೇಪಣೆಗೆ "ಆಗುವುದಿಲ್ಲ" ಎಂದು ಬರೆಯಲು ಅಧಿಕಾರಿಗೆ ಕಷ್ಟ.

ಲಾಭದ ಬದಿಯನ್ನೂ ನೀವೇ ಬರೆಯಬೇಕು ಎಂದು ನಾವು ಒತ್ತಿ ಹೇಳುತ್ತೇವೆ. ನಿಮ್ಮ ಬೀದಿಯ ಮ್ಯಾನ್‌ಹೋಲ್ ವರ್ಷಕ್ಕೆ ಎಷ್ಟು ಸಲ ಉಕ್ಕುತ್ತದೆ ಎಂಬುದು ಜಲಮಂಡಳಿಯ ದೂರಿನ ದಾಖಲೆಯಲ್ಲಿ ಸಿಗುತ್ತದೆ. ಆ ತೊಂದರೆಯನ್ನು ಒಪ್ಪಿಕೊಂಡು, ಅದನ್ನು ಕಡಿಮೆ ಖರ್ಚಿನಲ್ಲಿ ನಿವಾರಿಸುವ ದಾರಿ ತೋರಿಸಿದವರ ಮಾತಿಗೆ ಬೆಲೆ ಹೆಚ್ಚು.

ಕರಡಿನಲ್ಲಿ ಕಾಣದ ಪರಿಣಾಮಗಳದು ಬೇರೆಯೇ ಕಥೆ. ಕೆರೆದು ತೆಗೆದ ಜಿಡ್ಡನ್ನು ಯಾರು ಒಯ್ಯುತ್ತಾರೆ? ಅದಕ್ಕೆ ವ್ಯವಸ್ಥೆಯಿಲ್ಲದಿದ್ದರೆ ರಾತ್ರಿ ಅದು ಮಳೆನೀರಿನ ಚರಂಡಿಗೆ, ಅಲ್ಲಿಂದ ರಾಜಕಾಲುವೆಗೆ. ಸಮಸ್ಯೆ ಜಾಗ ಬದಲಿಸಿತು, ಹೋಗಲಿಲ್ಲ. ಕರ್ನಾಟಕ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲೆ ಮಾರುಕಟ್ಟೆಗಳಿಗೆ ಬಟ್ಟೆಯಂತೆ ಕಾಣುವ ನಾನ್‌ವೊವನ್ ಚೀಲಗಳು ನುಗ್ಗಿದವು. ಅವೂ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಕರಡು ಓದುವಾಗ "ಇದನ್ನು ನಿಲ್ಲಿಸಿದರೆ ಜನ ಯಾವುದಕ್ಕೆ ಹೊರಳುತ್ತಾರೆ" ಎಂದು ಕೇಳಿಕೊಳ್ಳಿ.

ಹಣ ಯಾರ ಜೇಬಿನಿಂದ ಹೋಗುತ್ತದೆ ಎಂಬುದೂ ಹಾಗೆಯೇ. ಆ್ಯಪ್ ಮೂಲಕ ಡೆಲಿವರಿಯಂಥ ಕೆಲಸ ಮಾಡುವ ಗಿಗ್ ಕಾರ್ಮಿಕರಿಗಾಗಿ ನಮ್ಮ ರಾಜ್ಯ ಮಾಡಿದ 2025ರ ಕಾಯ್ದೆಯಲ್ಲಿ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಿಗುವ ಮೊತ್ತದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕಕ್ಕೆ ಅವಕಾಶವಿದೆ. 40 ರೂಪಾಯಿಯ ಡೆಲಿವರಿಗೆ 40 ಪೈಸೆಯಿಂದ 2 ರೂಪಾಯಿ. ಕಟ್ಟಬೇಕಾದ್ದು ಕಂಪನಿ. ಅದು ಗ್ರಾಹಕನ ಬಿಲ್ಲಿಗೆ ಸೇರುತ್ತದೋ, ಹೋಟೆಲಿನ ಕಮಿಷನ್ನಿಗೋ, ಡೆಲಿವರಿ ಹುಡುಗನ ಇನ್ಸೆಂಟಿವ್‌ನಿಂದ ಕಡಿತವಾಗುತ್ತದೋ ಎಂಬುದನ್ನು ಕಾಯ್ದೆಯ ಪುಟ ಹೇಳುವುದಿಲ್ಲ, ಪೈಪೋಟಿ ಹೇಳುತ್ತದೆ.

ಜಾರಿಯ ಬಗ್ಗೆ ಒಂದು ಮಾತು. ಮೂರರಲ್ಲಿ ಒಬ್ಬರೇ ಪಾಲಿಸಿದರೆ ಲಾಭವೂ ಹೆಚ್ಚುಕಮ್ಮಿ ಮೂರನೇ ಒಂದಕ್ಕೆ ಇಳಿಯುತ್ತದೆ, ಪಾಲಿಸಿದವನ ಖರ್ಚು ಮಾತ್ರ ಪೂರ್ತಿ ಉಳಿಯುತ್ತದೆ. ಬೆಂಗಳೂರಿನಲ್ಲಿ ಈಗ ಐದು ನಗರ ಪಾಲಿಕೆಗಳು, ಜೊತೆಗೆ ಜಲಮಂಡಳಿ, ಮಾಲಿನ್ಯ ನಿಯಂತ್ರಣ ಮಂಡಳಿ. ತಪಾಸಣೆಗೆ ಬರುವವರು ಯಾರು ಎಂದು ಕರಡಿನಲ್ಲಿ ಹೆಸರಿಸಿಲ್ಲದಿದ್ದರೆ ಮೂವರೂ ಬರಬಹುದು, ಯಾರೂ ಬರದೆಯೂ ಇರಬಹುದು. ಎರಡೂ ನಿಮಗೆ ನಷ್ಟವೇ.

ತಯಾರಿಗೆ ಕೊಡುವ ಕಾಲಾವಕಾಶವನ್ನೂ ಬಿಡಬೇಡಿ. 2025ರ ಆಗಸ್ಟ್ 1ರಂದು ಬೆಂಗಳೂರಿನ ಆಟೊ ಕನಿಷ್ಠ ದರ 30ರಿಂದ 36 ರೂಪಾಯಿಗೆ ಏರಿದಾಗ ಮೀಟರ್ ತಿದ್ದಿಸಿ ಮುದ್ರೆ ಹಾಕಿಸಲು ಅಕ್ಟೋಬರ್ 31ರವರೆಗೆ ಅವಕಾಶವಿತ್ತು. ಊರಿನ ಟ್ರ್ಯಾಪ್ ತಯಾರಕರೆಲ್ಲ ಸೇರಿ ತಿಂಗಳಿಗೆ ಎಷ್ಟು ಕೂರಿಸಬಲ್ಲರು ಎಂದು ವಿಚಾರಿಸಿ, ಆ ಆಧಾರದ ಮೇಲೆ ತಿಂಗಳುಗಳನ್ನು ಕೇಳಿ.

ಕರಡು ಬದಲಾಗುವುದೇ ಇಲ್ಲ ಎಂಬ ನಿಮ್ಮ ಬೇಸರಕ್ಕೆ ಸಿನಿಮಾ ಟಿಕೆಟ್ ಪ್ರಕರಣ ಉತ್ತರ. 2025ರ ಜುಲೈ ಕರಡಿನಲ್ಲಿ ತೆರಿಗೆಯೂ ಸೇರಿ 200 ರೂಪಾಯಿ ಮಿತಿಯಿತ್ತು, ಆಕ್ಷೇಪಣೆಗೆ 15 ದಿನ ಕೊಟ್ಟಿದ್ದರು. ಸೆಪ್ಟೆಂಬರ್‌ನ ಅಂತಿಮ ನಿಯಮದಲ್ಲಿ ತೆರಿಗೆ ಹೊರಗಾಯಿತು, 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ ಬಂತು. ಅದೇ ತಿಂಗಳು ಹೈಕೋರ್ಟ್ ಆ ನಿಯಮಕ್ಕೆ ತಡೆ ಕೊಟ್ಟಿತು. ವಿನಾಯಿತಿ ಸರಿಯೋ ತಪ್ಪೋ, ಕರಡಿನ ಮಾತೇ ಕೊನೆಯ ಮಾತಾಗಿರಲಿಲ್ಲ.

ಕಳಿಸುವ ಕ್ರಮ: ದಿನಗಳನ್ನು ಪತ್ರಿಕೆಯಲ್ಲಿ ಸುದ್ದಿ ಬಂದ ದಿನದಿಂದ ಎಣಿಸಬೇಡಿ, ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ ಎಣಿಸಿ. ಅಧಿಸೂಚನೆಯ ಸಂಖ್ಯೆ, ದಿನಾಂಕ, ಉಪನಿಯಮ ಬರೆಯಿರಿ. ಲೆಕ್ಕ ಒಂದು ಪುಟ ಮೀರದಿರಲಿ, ಕೊಟೇಶನ್ ಪ್ರತಿ ಲಗತ್ತಿಸಿ. ಅಧಿಸೂಚನೆಯಲ್ಲಿ ಹೇಳಿದ ವಿಳಾಸಕ್ಕೇ ಸ್ಪೀಡ್ ಪೋಸ್ಟ್ ಮಾಡಿ, ಅಥವಾ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸಂಘದವರು ಒಂದೇ ಪತ್ರ ಕಳಿಸುವುದಾದರೆ ಮೂರು ಗಾತ್ರದ ಹೋಟೆಲುಗಳ ಲೆಕ್ಕವನ್ನು ಅದರಲ್ಲಿ ಸೇರಿಸಲಿ.

ಅಂತಿಮ ನಿಯಮ ಬಂದ ಮೇಲೆ, ನಿಮ್ಮ ಆಕ್ಷೇಪಣೆಯ ಮೇಲೆ ಬರೆದ ಟಿಪ್ಪಣಿಯ ಪ್ರತಿ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇದೆ. ಆದ್ದರಿಂದ ಅಧಿಸೂಚನೆಯ ಸಂಖ್ಯೆ ಮತ್ತು ನಿಮ್ಮ ಸ್ವೀಕೃತಿಯ ದಿನಾಂಕ ಬರೆದು, ಟಿಪ್ಪಣಿ ಹಾಳೆಗಳನ್ನಷ್ಟೇ ಕೇಳಿ.